ಗ್ರಾಫಿಕ್ಸ್ ಕಾರ್ಡ್: ಹಳತು–ಹೊಸತರ ಗುಣಲಕ್ಷಣಗಳ ತುಲನೆ

(ಗಿರಿಪ್ರದೇಶದ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಾಡು, ನೀರು, ಮಣ್ಣುಗಳ ಚರ್ಚೆ ನಡೆಯುವ ಸಭೆಯಲ್ಲಿ ಗಣಕಯಂತ್ರದೊಳಗಿನ ಒಂದು ಬಿಡಿಭಾಗದ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಅಡಿಕೆಯನ್ನೋ ಕಾಫಿಯನ್ನೋ ಮಾರಿ ಕೈಗೆ ನಾಲ್ಕು ಕಾಸು ಬಂದ ಮನೆಯಲ್ಲಿ, ಕಾಲೇಜು ಓದುವ ಮಕ್ಕಳು ಮುಂದಿಡುವ ಬೇಡಿಕೆಗಳ ಪಟ್ಟಿಯಲ್ಲಿ ಇಂದು ಗ್ರಾಫಿಕ್ಸ್ ಕಾರ್ಡ್ ಮೊದಲ ಸಾಲಿನಲ್ಲಿದೆ. 'ಹಳೆಯದು ಸಾಲದು, ಹೊಸದೇ ಆಗಬೇಕು' ಎಂಬ ಮಾತು ಅಂಗಡಿಯಲ್ಲೂ ಕೇಳಿಬರುತ್ತದೆ, ಜಾಹೀರಾತಿನಲ್ಲೂ ಕಾಣುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಎಲ್ಲಿಂದ ಮುಂದೆ ಸುಳ್ಳು ಎಂಬುದನ್ನು ಅರಿಯಲು ಕಾರ್ಡಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಓದಲು ಬರಬೇಕು. ಆ ಅಂಕಿಗಳ ಹಿಂದೆ ವಿದ್ಯುತ್ತಿದೆ, ನೀರಿದೆ, ಕೊನೆಗೆ ಗುಜರಿಯೂ ಇದೆ. ಆದ್ದರಿಂದ ಇದು ಪರಿಸರದ ವಿಷಯವೂ ಹೌದು, ಮನೆಯ ಹಣದ ವಿಷಯವೂ ಹೌದು.

ಕಾರ್ಡ್ ಮಾಡುವ ಕೆಲಸ

ಇಂದಿನ ಸಾಮಾನ್ಯ ಪರದೆಯೊಂದರಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600 ಚುಕ್ಕೆಗಳು. ಚಿತ್ರವು ಸೆಕೆಂಡಿಗೆ 60 ಬಾರಿ ಬದಲಾಗಬೇಕಾದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಹೆಚ್ಚು ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕಾಗುತ್ತದೆ. ಗಣಕದ ಮುಖ್ಯ ಸಂಸ್ಕಾರಕವು ಕುಶಲ ಬಡಗಿಯಂತೆ. ಎಂಥ ಜಟಿಲ ಕೆಲಸವನ್ನಾದರೂ ಒಂದರ ನಂತರ ಒಂದರಂತೆ ಮಾಡಿ ಮುಗಿಸುತ್ತದೆ. ಗದ್ದೆಯ ನಾಟಿಗೆ ಬೇಕಾದುದು ಒಬ್ಬ ಬಡಗಿಯಲ್ಲ, ಸಾಲಾಗಿ ನಿಂತು ಒಂದೇ ಬಗೆಯ ಕೆಲಸ ಮಾಡುವ ಮುಯ್ಯಾಳುಗಳ ತಂಡ. ಗ್ರಾಫಿಕ್ಸ್ ಕಾರ್ಡಿನ ಚಿಪ್ಪಿನಲ್ಲಿ ಅಂಥ ಸಾವಿರಾರು ಸಣ್ಣ ಗಣನ ಘಟಕಗಳಿರುತ್ತವೆ. ಇವುಗಳಿಗೆ 'ಕೋರ್' ಎಂದು ಹೆಸರು.

1999ರಲ್ಲಿ ಅಮೆರಿಕದ ಎನ್ವಿಡಿಯಾ ಕಂಪನಿಯು ಜಿಫೋರ್ಸ್ 256 ಎಂಬ ಕಾರ್ಡನ್ನು ಹೊರತಂದು, ಅದನ್ನು ಜಗತ್ತಿನ ಮೊದಲ 'ಜಿಪಿಯು' ಎಂದು ಕರೆದುಕೊಂಡಿತು. ಅದರ ಚಿಪ್ಪಿನಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು 2 ಕೋಟಿ. 2006ರ ನವೆಂಬರಿನಲ್ಲಿ ಬಂದ ಜಿಫೋರ್ಸ್ 8800 ಜಿಟಿಎಕ್ಸ್ ಕಾರ್ಡಿನಲ್ಲಿ 68.1 ಕೋಟಿ ಟ್ರಾನ್ಸಿಸ್ಟರುಗಳೂ 128 ಕೋರುಗಳೂ ಇದ್ದವು. 2007ರಲ್ಲಿ ಇದೇ ಕಂಪನಿಯ 'ಕುಡಾ' ಎಂಬ ತಂತ್ರಾಂಶ ವ್ಯವಸ್ಥೆ ಬಂದ ಮೇಲೆ ಆಟಗಳ ಚಿತ್ರಗಳಿಗಷ್ಟೇ ಮೀಸಲಾಗಿದ್ದ ಈ ಶಕ್ತಿಯನ್ನು ವಿಜ್ಞಾನದ ಲೆಕ್ಕಗಳಿಗೂ ಬಳಸುವುದು ಸುಲಭವಾಯಿತು. ಹವಾಮಾನದ ಗಣನೆ, ಉಪಗ್ರಹ ಚಿತ್ರಗಳ ವಿಶ್ಲೇಷಣೆ, ಎಲೆಯ ಛಾಯಾಚಿತ್ರ ನೋಡಿ ರೋಗ ಗುರುತಿಸುವ ಪ್ರಯೋಗ, ಇವೆಲ್ಲ ಈ ಕಾರ್ಡುಗಳ ಮೇಲೆಯೇ ನಡೆಯುತ್ತಿವೆ. ಆದಕಾರಣ ವಿದ್ಯಾರ್ಥಿಯು ಕಾರ್ಡ್ ಬೇಕೆಂದು ಕೇಳಿದ ಮಾತ್ರಕ್ಕೆ ಅದು ಆಟದ ಹುಚ್ಚೆಂದು ತಳ್ಳಿಹಾಕುವಂತಿಲ್ಲ.

ತುಲನೆ ಹೇಗೆ?

ಭತ್ತದ ತಳಿಗಳನ್ನು ತುಲನೆ ಮಾಡಿದ ಅನುಭವ ಇಲ್ಲಿರುವ ಎಲ್ಲ ಕೃಷಿಕರಿಗೂ ಇದೆ. 1966ರಲ್ಲಿ ಐಆರ್ 8 ಎಂಬ ಗಿಡ್ಡ ತಳಿ ಬಿಡುಗಡೆಯಾದಾಗ ಇಳುವರಿಯ ಕಲಂ ಒಂದನ್ನೇ ನೋಡಿದವರಿಗೆ ಅದು ಎಲ್ಲ ಹಳೆಯ ತಳಿಗಳನ್ನೂ ಮೀರಿಸಿತ್ತು. ಅದು ಬೇಡುವ ಗೊಬ್ಬರ, ನೀರು, ಅದು ಕೊಡುವ ಹುಲ್ಲಿನ ಉದ್ದ ಇವುಗಳ ಕಲಂಗಳನ್ನೂ ಕೂಡಿಸಿ ನೋಡಿದಾಗ, ದನಕರುಗಳಿರುವ ಮನೆಯವರ ತೀರ್ಮಾನ ಬೇರೆಯಾಗಬಹುದಿತ್ತು. ಗ್ರಾಫಿಕ್ಸ್ ಕಾರ್ಡುಗಳ ವಿಷಯದಲ್ಲೂ ಇದೇ ವಿವೇಕ ಬೇಕು. ಒಂದೇ ದರ್ಜೆಯ, ಅಂದರೆ ಮಧ್ಯಮ ಬೆಲೆಯ ಮೂರು ಕಾರ್ಡುಗಳ ವಿವರ ಹೀಗಿದೆ:

ಜಿಟಿಎಕ್ಸ್ 1060 (ಜುಲೈ 2016): ಟ್ರಾನ್ಸಿಸ್ಟರುಗಳು 440 ಕೋಟಿ, ಕೋರುಗಳು 1,280, ಮೆಮೊರಿ 6 ಜಿಬಿ, ಮೆಮೊರಿ ಮಾರ್ಗದ ಅಗಲ 192 ಬಿಟ್, ಹರಿವು ಸೆಕೆಂಡಿಗೆ 192 ಜಿಬಿ, ಗರಿಷ್ಠ ವಿದ್ಯುತ್ 120 ವ್ಯಾಟ್, ಅಮೆರಿಕದಲ್ಲಿ ಆರಂಭದ ಬೆಲೆ 249 ಡಾಲರ್.

ಆರ್‌ಟಿಎಕ್ಸ್ 3060 (ಫೆಬ್ರುವರಿ 2021): ಕೋರುಗಳು 3,584, ಮೆಮೊರಿ 12 ಜಿಬಿ, ಮಾರ್ಗದ ಅಗಲ 192 ಬಿಟ್, ಹರಿವು ಸೆಕೆಂಡಿಗೆ 360 ಜಿಬಿ, ವಿದ್ಯುತ್ 170 ವ್ಯಾಟ್, ಬೆಲೆ 329 ಡಾಲರ್.

ಆರ್‌ಟಿಎಕ್ಸ್ 4060 (ಜೂನ್ 2023): ಟ್ರಾನ್ಸಿಸ್ಟರುಗಳು 1,890 ಕೋಟಿ, ಕೋರುಗಳು 3,072, ಮೆಮೊರಿ 8 ಜಿಬಿ, ಮಾರ್ಗದ ಅಗಲ 128 ಬಿಟ್, ಹರಿವು ಸೆಕೆಂಡಿಗೆ 272 ಜಿಬಿ, ವಿದ್ಯುತ್ 115 ವ್ಯಾಟ್, ಬೆಲೆ 299 ಡಾಲರ್.

ಈ ಪಟ್ಟಿಯನ್ನು ಸಾವಧಾನವಾಗಿ ನೋಡಿದರೆ ಒಂದು ಸಂಗತಿ ತಾನಾಗಿ ಹೊಳೆಯುತ್ತದೆ. 2023ರ ಕಾರ್ಡಿನಲ್ಲಿ 2021ರದ್ದಕ್ಕಿಂತ ಕೋರು ಕಡಿಮೆ, ಮೆಮೊರಿ ಕಡಿಮೆ, ಮಾರ್ಗ ಕಿರಿದು, ಹರಿವು ಕಡಿಮೆ. ಹೊಸತು ಎಲ್ಲ ಸಾಲುಗಳಲ್ಲೂ ಮುಂದಿರಬೇಕೆಂಬ ನಿಯಮವೇನೂ ಇಲ್ಲ. ಆದರೂ ಸಾಮಾನ್ಯ ಆಟಗಳಲ್ಲಿ ಹೊಸ ಕಾರ್ಡೇ ತುಸು ವೇಗವಾಗಿ ಓಡುತ್ತದೆ. ಇದು ಹೇಗೆ ಸಾಧ್ಯವೆಂಬುದನ್ನು ಸಾಲು ಸಾಲಾಗಿ ನೋಡಬೇಕು.

ಕೋರು ಮತ್ತು ವೇಗ

ಆಳುಗಳ ಸಂಖ್ಯೆಯೊಂದೇ ನಾಟಿಯ ವೇಗವನ್ನು ನಿರ್ಧರಿಸುವುದಿಲ್ಲ. ಒಬ್ಬೊಬ್ಬರ ಕೈ ಎಷ್ಟು ಬೇಗ ಆಡುತ್ತದೆ ಎಂಬುದೂ ಮುಖ್ಯ. 3060ರ ಕೋರುಗಳು ಸೆಕೆಂಡಿಗೆ ಸುಮಾರು 178 ಕೋಟಿ ಬಾರಿ ಮಿಡಿದರೆ, 4060ರ ಕೋರುಗಳು 246 ಕೋಟಿ ಬಾರಿ ಮಿಡಿಯುತ್ತವೆ. ಪ್ರತಿ ಮಿಡಿತಕ್ಕೆ ಒಂದು ಕೋರು ಒಂದು ಗುಣಾಕಾರವನ್ನೂ ಒಂದು ಸಂಕಲನವನ್ನೂ, ಅಂದರೆ ಎರಡು ಲೆಕ್ಕಗಳನ್ನು ಮಾಡಬಲ್ಲುದು. ಆದ್ದರಿಂದ ಕೋರುಗಳ ಸಂಖ್ಯೆಯನ್ನು ಎರಡರಿಂದಲೂ ಮಿಡಿತದಿಂದಲೂ ಗುಣಿಸಿದರೆ ಕಾರ್ಡಿನ ಕಾಗದದ ಮೇಲಿನ ಶಕ್ತಿ ದೊರೆಯುತ್ತದೆ. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು: 1060ಕ್ಕೆ ಸೆಕೆಂಡಿಗೆ ಸುಮಾರು 4.4 ಲಕ್ಷ ಕೋಟಿ ಲೆಕ್ಕಗಳು, 3060ಕ್ಕೆ 12.7 ಲಕ್ಷ ಕೋಟಿ, 4060ಕ್ಕೆ 15.1 ಲಕ್ಷ ಕೋಟಿ. 2006ರ 8800 ಜಿಟಿಎಕ್ಸ್‌ಗೆ ಇದೇ ಲೆಕ್ಕದಲ್ಲಿ ದೊರೆಯುವುದು 34,560 ಕೋಟಿ ಮಾತ್ರ.

ಇಲ್ಲೊಂದು ಎಚ್ಚರಿಕೆ ಅಗತ್ಯ. 3060ರ ಪೀಳಿಗೆಯಿಂದ ಕೋರುಗಳನ್ನು ಎಣಿಸುವ ರೀತಿ ಬದಲಾಗಿದೆ. ಪೂರ್ಣಾಂಕಗಳ ಲೆಕ್ಕವನ್ನೂ ದಶಮಾಂಶದ ಲೆಕ್ಕವನ್ನೂ ಸರದಿಯ ಮೇಲೆ ಮಾಡುವ ಘಟಕಗಳನ್ನೂ ಆ ಎಣಿಕೆಯಲ್ಲಿ ಸೇರಿಸಲಾಗಿದೆ. ಆದ್ದರಿಂದ 1060ರ 1,280ನ್ನು 3060ರ 3,584ರ ಎದುರು ನೇರವಾಗಿ ಇಟ್ಟು ತೂಗುವುದು ಸರಿಯಲ್ಲ. ಒಂದೇ ಪೀಳಿಗೆಯೊಳಗೆ ಮಾತ್ರ ಕೋರುಗಳ ಎಣಿಕೆಗೆ ಅರ್ಥವಿದೆ.

ಮೆಮೊರಿ: ಕೆರೆ, ಕಾಲುವೆ, ತೊಟ್ಟಿ

ಮೆಮೊರಿಯ ಗಾತ್ರವು ಕೆರೆಯ ಧಾರಣ ಶಕ್ತಿಯಿದ್ದಂತೆ. ಮಾರ್ಗದ ಬಿಟ್ ಸಂಖ್ಯೆಯು ಕಾಲುವೆಯ ಅಗಲ. ನೀರು ಹರಿಯುವ ವೇಗ ಇನ್ನೊಂದು. ಅಗಲವನ್ನು ಎಂಟರಿಂದ ಭಾಗಿಸಿ ವೇಗದಿಂದ ಗುಣಿಸಿದರೆ ಹರಿವು ಸಿಗುತ್ತದೆ. 1060ರಲ್ಲಿ 192ನ್ನು ಎಂಟರಿಂದ ಭಾಗಿಸಿದರೆ 24. ಪ್ರತಿ ತಂತುವಿನಲ್ಲಿ ಸೆಕೆಂಡಿಗೆ 8 ಗಿಗಾಬಿಟ್ ಹರಿಯುವುದರಿಂದ 192 ಜಿಬಿ. 4060ರಲ್ಲಿ ಕಾಲುವೆ ಕಿರಿದಾದರೂ ವೇಗ 17 ಗಿಗಾಬಿಟ್ ಇರುವುದರಿಂದ 272 ಜಿಬಿ.

ಕಾಲುವೆ ಕಿರಿದು ಮಾಡಿದ ಕಂಪನಿಯು ತೋಟದ ಪಕ್ಕದಲ್ಲೇ ದೊಡ್ಡ ತೊಟ್ಟಿಯೊಂದನ್ನು ಕಟ್ಟಿದೆ. ಚಿಪ್ಪಿನೊಳಗೇ ಇರುವ 'ಕ್ಯಾಶ್' ಎಂಬ ಶೀಘ್ರ ಮೆಮೊರಿ 3060ರಲ್ಲಿ 3 ಎಂಬಿ ಇದ್ದರೆ 4060ರಲ್ಲಿ 24 ಎಂಬಿ ಇದೆ. ಬೇಕಾದ ಮಾಹಿತಿ ತೊಟ್ಟಿಯಲ್ಲೇ ಸಿಗುವವರೆಗೆ ಕಾಲುವೆಯ ಕೊರತೆ ತಿಳಿಯುವುದಿಲ್ಲ. ಕೆಲಸ ದೊಡ್ಡದಾಗಿ ತೊಟ್ಟಿ ಬರಿದಾದಾಗ ತಿಳಿಯುತ್ತದೆ. ಕೆರೆಯೇ ಚಿಕ್ಕದಾದಾಗಲಂತೂ ಯಾವ ತೊಟ್ಟಿಯೂ ನೆರವಿಗೆ ಬಾರದು. 700 ಕೋಟಿ ಅಂಕಿಗಳುಳ್ಳ ಒಂದು ಕೃತಕ ಬುದ್ಧಿಮತ್ತೆಯ ಮಾದರಿಯನ್ನು, ಅಂಕಿಯೊಂದಕ್ಕೆ ಒಂದು ಬೈಟಿನಂತೆ ಸಂಗ್ರಹಿಸಿದರೂ 7 ಜಿಬಿ ಬೇಕು. ಪರದೆಗೂ ಮಧ್ಯಂತರ ಲೆಕ್ಕಗಳಿಗೂ ಬೇರೆ ಜಾಗ ಬೇಕು. 8 ಜಿಬಿಯ ಹೊಸ ಕಾರ್ಡಿನಲ್ಲಿ ಅದು ಇಕ್ಕಟ್ಟಾಗುತ್ತದೆ, 12 ಜಿಬಿಯ ಹಳೆಯ ಕಾರ್ಡಿನಲ್ಲಿ ಸಲೀಸಾಗಿ ಕೂರುತ್ತದೆ. ಇಂಥ ಕೆಲಸ ಕಲಿಯುವ ವಿದ್ಯಾರ್ಥಿಗೆ ಎರಡು ವರ್ಷ ಹಳೆಯ ಕಾರ್ಡೇ ಮೇಲು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಕಾಣದ ಇನ್ನೊಂದು ಸಾಲಿದೆ. ಕಾರ್ಡನ್ನು ಮುಖ್ಯ ಫಲಕಕ್ಕೆ ಸೇರಿಸುವ ಸಂಪರ್ಕದಲ್ಲಿ 1060 ಮತ್ತು 3060 ಕಾರ್ಡುಗಳು 16 ಪಥಗಳನ್ನು ಬಳಸಿದರೆ, 4060 ಬಳಸುವುದು 8 ಪಥಗಳನ್ನು ಮಾತ್ರ. ಹೊಸ ಫಲಕದಲ್ಲಿ ಇದರಿಂದ ತೊಂದರೆ ಇಲ್ಲ. ಹಳೆಯ, ಮೂರನೇ ಪೀಳಿಗೆಯ ಸಂಪರ್ಕವಿರುವ ಫಲಕಕ್ಕೆ ಸೇರಿಸಿದಾಗ ಮಾತ್ರ ಮಾಹಿತಿಯ ಹಾದಿ ಅರ್ಧಕ್ಕಿಳಿಯುತ್ತದೆ. ಹಳ್ಳಿಯ ಮನೆಗಳಲ್ಲಿ ಇರುವುದು ಹೆಚ್ಚಾಗಿ ಅಂಥ ಹಳೆಯ ಗಣಕಗಳೇ. ಕಾರ್ಡಿನ ಮೆಮೊರಿ ತುಂಬಿ, ಗಣಕದ ಮೆಮೊರಿಯಿಂದ ಎರವಲು ತರಬೇಕಾದಾಗ ಈ ಕೊರತೆ ಎದ್ದುಕಾಣುತ್ತದೆ.

ಜಾಹೀರಾತಿನ 'ಇಷ್ಟು ಪಟ್ಟು ವೇಗ' ಎಂಬ ಮಾತನ್ನೂ ಪರಿಶೀಲಿಸಬೇಕು. 2022ರಲ್ಲಿ ಬಂದ 4000 ಸರಣಿಯಿಂದ, ನಿಜವಾಗಿ ಲೆಕ್ಕ ಹಾಕಿದ ಎರಡು ಚಿತ್ರಗಳ ನಡುವೆ ಊಹೆಯಿಂದ ಸೃಷ್ಟಿಸಿದ ಒಂದು ಚಿತ್ರವನ್ನು ತುಂಬುವ ವಿದ್ಯೆ ಸೇರಿಕೊಂಡಿದೆ. ನೋಟಕ್ಕೆ ಚಲನೆ ನಯವಾಗುತ್ತದೆ, ನಿಜ. ಆದರೆ ಜೊಳ್ಳನ್ನೂ ಸೇರಿಸಿ ಅಳೆದ ಕೊಳಗವನ್ನು ಗಟ್ಟಿ ಕಾಳಿನ ಕೊಳಗದೊಡನೆ ಹೋಲಿಸಬಾರದು.

ವ್ಯಾಟಿನ ಸಾಲು

ಪರಿಸರದ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಸಾಲು ವಿದ್ಯುತ್ತಿನದು. ಒಂದು ವ್ಯಾಟಿಗೆ ಸೆಕೆಂಡಿಗೆ ಎಷ್ಟು ಲೆಕ್ಕ ಎಂದು ಭಾಗಿಸಿ ನೋಡಿದರೆ, 155 ವ್ಯಾಟಿನ 8800 ಜಿಟಿಎಕ್ಸ್ ಸುಮಾರು 220 ಕೋಟಿ ಲೆಕ್ಕ ಮಾಡುತ್ತಿತ್ತು. 1060 ಸುಮಾರು 3,600 ಕೋಟಿ, 3060 ಸುಮಾರು 7,500 ಕೋಟಿ, 4060 ಸುಮಾರು 13,000 ಕೋಟಿ ಲೆಕ್ಕ ಮಾಡುತ್ತವೆ. ಹದಿನೇಳು ವರ್ಷಗಳಲ್ಲಿ ಸುಮಾರು 60 ಪಟ್ಟು ಮಿತವ್ಯಯ. ಟ್ರಾನ್ಸಿಸ್ಟರುಗಳನ್ನು ಕಿರಿದುಗೊಳಿಸಿದ ತಂತ್ರಜ್ಞರ ಈ ಸಾಧನೆಯನ್ನು ಮುಕ್ತಕಂಠದಿಂದ ಮೆಚ್ಚಬೇಕು.

ಹಾಗಾದರೆ 1060ನ್ನು ತೆಗೆದು 4060ನ್ನು ಹಾಕಿದರೆ ವಿದ್ಯುತ್ ಬಿಲ್ಲು ಇಳಿಯುವುದೇ? ಉತ್ತರ ಬಳಕೆಯ ರೀತಿಯಲ್ಲಿದೆ. ನಿಗದಿತ ಪ್ರಮಾಣದ ಲೆಕ್ಕವೊಂದನ್ನು 1060 ಏಳು ಗಂಟೆಗಳಲ್ಲಿ ಮುಗಿಸಿದರೆ, ಕಾಗದದ ಲೆಕ್ಕದಂತೆ 4060 ಸುಮಾರು ಎರಡು ಗಂಟೆಗಳಲ್ಲಿ ಮುಗಿಸುತ್ತದೆ. ಮೊದಲನೆಯದಕ್ಕೆ 0.84 ಯೂನಿಟ್, ಎರಡನೆಯದಕ್ಕೆ 0.23 ಯೂನಿಟ್ ಸಾಕು. ಇದು ನಿಜವಾದ ಉಳಿತಾಯ. ಆದರೆ ದಿನಕ್ಕೆ ನಾಲ್ಕು ಗಂಟೆ ಪೂರ್ಣ ಶಕ್ತಿಯಲ್ಲಿ ಆಟ ಆಡುವವರಿಗೆ ಎರಡರ ನಡುವಿನ ಅಂತರ 5 ವ್ಯಾಟ್ ಮಾತ್ರ, ವರ್ಷಕ್ಕೆ 7.3 ಯೂನಿಟ್. ಅಷ್ಟನ್ನು ಉಳಿಸಲೆಂದು ಕೆಲಸ ಮಾಡುತ್ತಿರುವ ಕಾರ್ಡನ್ನು ಎಸೆಯುವುದು ಲೆಕ್ಕಕ್ಕೆ ಹೊಂದದ ಮಾತು.

ಮಿತವ್ಯಯ ಹೆಚ್ಚಿದಂತೆ ಒಟ್ಟು ಬಳಕೆ ಇಳಿಯಬೇಕಿತ್ತು. ಆದುದು ಬೇರೆ. ಆಯಾ ಕಾಲದ ಉನ್ನತ ದರ್ಜೆಯ ಕಾರ್ಡುಗಳನ್ನು ನೋಡಿದರೆ 2006ರ 8800 ಜಿಟಿಎಕ್ಸ್ 155 ವ್ಯಾಟ್, 2016ರ ಜಿಟಿಎಕ್ಸ್ 1080 180 ವ್ಯಾಟ್, 2022ರ ಆರ್‌ಟಿಎಕ್ಸ್ 4090 450 ವ್ಯಾಟ್, 2025ರ ಜನವರಿಯಲ್ಲಿ ಬಂದ ಆರ್‌ಟಿಎಕ್ಸ್ 5090 575 ವ್ಯಾಟ್. ಕೊನೆಯದು ಹೆಚ್ಚು ಕಡಿಮೆ ಮುಕ್ಕಾಲು ಎಚ್‌.ಪಿ. ಪಂಪ್‌ಸೆಟ್ಟಿಗೆ ಸಮ. ಅದಕ್ಕೆ 1,000 ವ್ಯಾಟಿನ ವಿದ್ಯುತ್ ಪೂರೈಕೆ ಪೆಟ್ಟಿಗೆ ಬೇಕೆಂದು ಕಂಪನಿಯೇ ಹೇಳುತ್ತದೆ. ದಿನಕ್ಕೆ ನಾಲ್ಕು ಗಂಟೆ ಪೂರ್ಣ ಶಕ್ತಿಯಲ್ಲಿ ಓಡಿದರೆ ವರ್ಷಕ್ಕೆ ಸುಮಾರು 840 ಯೂನಿಟ್. ಅಷ್ಟೇ ಹೊತ್ತು ಓಡುವ 4060ಕ್ಕೆ ಸುಮಾರು 168 ಯೂನಿಟ್.

ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1,035 ಮೆಗಾವ್ಯಾಟ್. 575 ವ್ಯಾಟಿನ 18 ಲಕ್ಷ ಕಾರ್ಡುಗಳು ಏಕಕಾಲಕ್ಕೆ ಪೂರ್ಣ ಶಕ್ತಿಯಲ್ಲಿ ಓಡಿದರೆ ಆ ಇಡೀ ಸಾಮರ್ಥ್ಯ ಅವಕ್ಕೇ ಸರಿಹೋಗುತ್ತದೆ. ಅದೇ ವಿದ್ಯುತ್ತಿನಲ್ಲಿ 115 ವ್ಯಾಟಿನ 90 ಲಕ್ಷ ಕಾರ್ಡುಗಳು ಓಡಬಲ್ಲವು. ದತ್ತಾಂಶ ಕೇಂದ್ರಗಳಿಗೆಂದೇ ತಯಾರಾದ, 2022ರ ಎಚ್100 ಎಂಬ ಗಣನ ಘಟಕದ ಒಂದು ಮಾದರಿಯಂತೂ 700 ವ್ಯಾಟ್ ಬೇಡುತ್ತದೆ. ಅಂಥವು ಹಗಲಿರುಳೂ ಓಡುತ್ತವೆ. ಲಿಂಗನಮಕ್ಕಿಯ ಹಿನ್ನೀರಿನ ಕಥೆಯನ್ನು ಬಲ್ಲ ಈ ಸೀಮೆಯ ಜನರಿಗೆ ಒಂದೊಂದು ವ್ಯಾಟೂ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಚಿಪ್ಪು ಮತ್ತು ಗದ್ದೆ

ಪೆಟ್ಟಿಗೆಯ ಮೇಲೆ ಎಂದೂ ಅಚ್ಚಾಗದ ಸಾಲೊಂದಿದೆ. ಅದು ತಯಾರಿಕೆಗೆ ತಗಲುವ ನೀರಿನದು. 1060 ಮತ್ತು 4060 ಕಾರ್ಡುಗಳ ಚಿಪ್ಪುಗಳನ್ನು ತಯಾರಿಸಿದ್ದು ತೈವಾನಿನ ಟಿಎಸ್‌ಎಂಸಿ ಕಂಪನಿ. ಸಿಲಿಕಾನ್ ಬಿಲ್ಲೆಗಳನ್ನು ಹಂತ ಹಂತವಾಗಿ ತೊಳೆಯಲು ಅತಿಶುದ್ಧ ನೀರು ಅಪಾರ ಪ್ರಮಾಣದಲ್ಲಿ ಬೇಕಾಗುತ್ತದೆ. 2020ರಲ್ಲಿ ತೈವಾನಿನ ನೆಲಕ್ಕೆ ಒಂದೂ ಚಂಡಮಾರುತ ಅಪ್ಪಳಿಸಲಿಲ್ಲ; 56 ವರ್ಷಗಳಲ್ಲಿ ಹಾಗಾದುದು ಅದೇ ಮೊದಲು. ಆ ಮಳೆಯನ್ನೇ ನೆಚ್ಚಿದ್ದ ಜಲಾಶಯಗಳು 2021ರ ಹೊತ್ತಿಗೆ ಬತ್ತಿದವು. ಮನೆಗಳಿಗೂ ಕಾರ್ಖಾನೆಗಳಿಗೂ ನೀರು ಉಳಿಸಲೆಂದು ಅಲ್ಲಿನ ಸರ್ಕಾರವು 70 ಸಾವಿರ ಹೆಕ್ಟೇರಿಗೂ ಹೆಚ್ಚಿನ ಕೃಷಿಭೂಮಿಗೆ ನೀರಾವರಿಯನ್ನು ನಿಲ್ಲಿಸಿತು. ಭತ್ತದ ರೈತರಿಗೆ ಪರಿಹಾರಧನ ಕೊಟ್ಟು ಗದ್ದೆ ಪಾಳು ಬಿಡಿಸಲಾಯಿತು. ಚಿಪ್ಪಿನ ಕಾರ್ಖಾನೆಗಳಿಗೆ ಟ್ಯಾಂಕರುಗಳಲ್ಲಿ ನೀರು ಹೋಯಿತು.

ಕಂಪನಿಗಳು ಬಳಸಿದ ನೀರನ್ನು ಶುದ್ಧಗೊಳಿಸಿ ಮತ್ತೆ ಬಳಸುತ್ತವೆ ಎಂಬುದೂ, ತೈವಾನಿನ ಆರ್ಥಿಕತೆಗೆ ಆ ಉದ್ಯಮವೇ ಬೆನ್ನೆಲುಬು ಎಂಬುದೂ ನಿಜ. ಆದರೆ ನೀರು ಸಾಲದೆ ಬಂದಾಗ ಗದ್ದೆಯ ತೂಬು ಮೊದಲು ಮುಚ್ಚಿತು ಎಂಬ ಸಂಗತಿಯನ್ನು ಕೃಷಿಕರು ಮರೆಯಬಾರದು. ಹೊಸ ಕಾರ್ಡ್ ಕೊಂಡಾಗ ಈ ಲೆಕ್ಕವೂ ಅದರೊಡನೆ ಮನೆಗೆ ಬರುತ್ತದೆ. ಈಗಾಗಲೇ ತಯಾರಾಗಿರುವ ಕಾರ್ಡನ್ನು ಇನ್ನೂ ಮೂರು ವರ್ಷ ಬಳಸಿದರೆ ಆ ನೀರಿಗೆ, ಆ ಶಕ್ತಿಗೆ ಹೆಚ್ಚು ಬೆಲೆ ದೊರೆತಂತಾಗುತ್ತದೆ.

ಹಳೆಯದರ ಗತಿ

2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದುದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿ ಹೇಳುತ್ತದೆ. ಗ್ರಾಫಿಕ್ಸ್ ಕಾರ್ಡಿನಲ್ಲಿ ತಾಮ್ರ, ಅಲ್ಯೂಮಿನಿಯಂ, ತವರ, ಅಂಚಿನ ಸಂಪರ್ಕಗಳಲ್ಲಿ ಚಿನ್ನದ ತೆಳುಲೇಪವೂ ಇರುತ್ತವೆ. 2006ರ ಜುಲೈ 1ರಂದು ಐರೋಪ್ಯ ಒಕ್ಕೂಟದ ನಿರ್ಬಂಧ ಜಾರಿಗೆ ಬರುವ ಮುನ್ನ ತಯಾರಾದ ಕಾರ್ಡುಗಳ ಬೆಸುಗೆಯಲ್ಲಿ ಸೀಸವೂ ಸಾಮಾನ್ಯವಾಗಿತ್ತು. ಇಂಥ ಫಲಕಗಳನ್ನು ಹಿತ್ತಲಲ್ಲಿ ಸುಟ್ಟರೆ ವಿಷದ ಹೊಗೆ ಏಳುತ್ತದೆ. ಆಮ್ಲದಲ್ಲಿ ಅದ್ದಿ ಲೋಹ ತೆಗೆದರೆ ಉಳಿದ ದ್ರವ ತೋಡಿಗೂ ಬಾವಿಗೂ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ತ್ಯಾಜ್ಯದ ಮರುಬಳಕೆಯ ಹೊಣೆ ಉತ್ಪಾದಕರ ಮೇಲಿದೆ. ಸತ್ತ ಕಾರ್ಡನ್ನು ಗುಜರಿಗೆ ತೂಕಕ್ಕೆ ಹಾಕದೆ, ಊರಿನವರೆಲ್ಲರದನ್ನೂ ಒಟ್ಟುಗೂಡಿಸಿ, ನೋಂದಾಯಿತ ಮರುಬಳಕೆದಾರರಿಗೆ ತಲಪಿಸುವುದು ಸರಿಯಾದ ದಾರಿ.

ಹಳೆಯ ಕಾರ್ಡುಗಳೆಲ್ಲ ಸತ್ತಿರುವುದಿಲ್ಲ. ಮಲೆನಾಡಿನ ಮಳೆಗಾಲದ ತೇವ, ಮರದ ಒಲೆಯ ಮಸಿ, ಧೂಳು ಇವು ಪಂಖಗಳನ್ನು ಕಟ್ಟಿಹಾಕುತ್ತವೆ. ಚಿಪ್ಪಿಗೂ ಶಾಖಹೀರುಕಕ್ಕೂ ನಡುವಿನ ಲೇಪ ವರ್ಷಗಳು ಕಳೆದಂತೆ ಒಣಗುತ್ತದೆ. ಶುಚಿ ಮಾಡಿ ಲೇಪ ಬದಲಿಸಿದರೆ ಬಿಸಿಯೇರಿ ನಿಲ್ಲುತ್ತಿದ್ದ ಅನೇಕ ಕಾರ್ಡುಗಳು ಮತ್ತೆ ಓಡುತ್ತವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಬಳಸಿದ ಕಾರ್ಡ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಈಥೀರಿಯಂ ಎಂಬ ಗುಪ್ತನಾಣ್ಯದ ಗಣಿಗಾರಿಕೆಯಲ್ಲಿ ವರ್ಷಗಟ್ಟಲೆ ಹಗಲಿರುಳು ದುಡಿದ ಕಾರ್ಡುಗಳು, 2022ರ ಸೆಪ್ಟೆಂಬರಿನಲ್ಲಿ ಆ ಪದ್ಧತಿ ನಿಂತ ಮೇಲೆ ಬಳಸಿದ ಸರಕಿನ ಮಾರುಕಟ್ಟೆಗೆ ಬಂದವು. ಆದ್ದರಿಂದ ಅರ್ಧ ಗಂಟೆ ಪೂರ್ಣ ಶಕ್ತಿಯಲ್ಲಿ ಓಡಿಸಿ, ಪಂಖದ ಸದ್ದು, ಬಿಸಿ, ಪರದೆಯ ಚುಕ್ಕೆಗಳನ್ನು ನೋಡಿದ ನಂತರವೇ ಹಣ ಕೊಡಬೇಕು.

ಹಳತಿಗೂ ಒಂದು ಎಲ್ಲೆಯಿದೆ ಎಂಬುದನ್ನು ಮರೆಮಾಚಬಾರದು. 1060ರಲ್ಲಿ ಬೆಳಕಿನ ಕಿರಣಗಳ ಹಾದಿಯನ್ನು ಗಣಿಸುವ ಘಟಕಗಳಾಗಲಿ, ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆ ಮೀಸಲಾದ ಟೆನ್ಸರ್ ಘಟಕಗಳಾಗಲಿ ಇಲ್ಲ. ಜಿಫೋರ್ಸ್ ಕಾರ್ಡುಗಳಿಗೆ ಇವು ಬಂದದ್ದು 2018ರಲ್ಲಿ. ಅದರ ಪೀಳಿಗೆಗೆ ಹೊಸ ಆಟಗಳಿಗಾಗಿ ತಿದ್ದಿದ ಚಾಲಕ ತಂತ್ರಾಂಶ 2025ರ ಅಕ್ಟೋಬರಿಗೆ ಕೊನೆಯೆಂದೂ, ಭದ್ರತೆಯ ತಿದ್ದುಪಡಿಗಳು 2028ರ ಅಕ್ಟೋಬರಿನವರೆಗೆ ದೊರೆಯುತ್ತವೆಂದೂ ಕಂಪನಿ ಪ್ರಕಟಿಸಿದೆ. ಯಂತ್ರ ಸವೆಯುವ ಮುನ್ನ ತಂತ್ರಾಂಶ ನಿಲ್ಲುವುದು ಈ ಕಾಲದ ದೊಡ್ಡ ಅಪವ್ಯಯ. ಬಳಕೆದಾರರು ಪ್ರಶ್ನಿಸಬೇಕಾದ ಸಂಗತಿ ಇದು.

ಕೊಳ್ಳುವ ಮುನ್ನ

ಪತ್ರ ಬರೆಯಲು, ಪಾಠ ಕೇಳಲು, ಚಲನಚಿತ್ರ ನೋಡಲು, ತೋಟದ ಲೆಕ್ಕ ಇಡಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೇ ಬೇಕಿಲ್ಲ. ಇಂದಿನ ಬಹುಪಾಲು ಸಂಸ್ಕಾರಕಗಳಲ್ಲಿ ಅಷ್ಟಕ್ಕೆ ಸಾಲುವ ಚಿತ್ರ ಘಟಕ ಒಳಗೇ ಇರುತ್ತದೆ. ಕಟ್ಟಡಗಳ ನಕ್ಷೆ, ಚಲನಚಿತ್ರ ಸಂಕಲನ, ಯಂತ್ರಕಲಿಕೆ ಇವುಗಳಲ್ಲಿ ತೊಡಗಿದವರು ಮೊದಲು ತಮ್ಮ ಕೆಲಸಕ್ಕೆ ಎಷ್ಟು ಜಿಬಿ ಮೆಮೊರಿ ಬೇಕೆಂದು ಅರಿಯಬೇಕು. ಆನಂತರ ಮನೆಯ ಯುಪಿಎಸ್ ಎಷ್ಟು ವ್ಯಾಟ್ ತಾಳುತ್ತದೆ, ಮುಖ್ಯ ಫಲಕದ ಸಂಪರ್ಕ ಯಾವ ಪೀಳಿಗೆಯದು ಎಂದು ನೋಡಬೇಕು. ಕೋರು, ಮಿಡಿತ, ಟ್ರಾನ್ಸಿಸ್ಟರುಗಳ ಮಾತು ಕೊನೆಗೆ. ಈ ಕ್ರಮದಲ್ಲಿ ನೋಡಿದರೆ ಕೆಲವರಿಗೆ ಹೊಸ ಕಾರ್ಡ್ ಬೇಕೆನಿಸುತ್ತದೆ, ಕೆಲವರಿಗೆ ಬಳಸಿದ ಕಾರ್ಡ್ ಸಾಕೆನಿಸುತ್ತದೆ. ಬಹಳ ಮಂದಿಗೆ ಇರುವುದನ್ನೇ ಬಿಚ್ಚಿ ಧೂಳು ಕೊಡವಿದರೆ ಕೆಲಸ ನಡೆಯುತ್ತದೆ.

ಪ್ರತಿ ಕಾಲೇಜಿನ ವಿದ್ಯಾರ್ಥಿಗಳು ಇಂಥದೊಂದು ಪಟ್ಟಿಯನ್ನು ತಾವೇ ತಯಾರಿಸಿ, ತಮ್ಮ ಊರಿನ ಗಣಕಗಳಲ್ಲಿ ಯಾವ ಕಾರ್ಡುಗಳಿವೆ, ಎಷ್ಟು ಕೆಟ್ಟು ಕೂತಿವೆ, ಎಷ್ಟು ದುರಸ್ತಿಯಾಗಬಲ್ಲವು ಎಂದು ಬರೆದಿಟ್ಟರೆ ಅದೇ ಒಂದು ಉಪಯುಕ್ತ ಅಧ್ಯಯನವಾಗುತ್ತದೆ. ಭತ್ತದ ತಳಿಯನ್ನು ಹೆಸರು ಕೇಳಿ ಬಿತ್ತದೆ, ಗುಣ ನೋಡಿ ಆರಿಸಿದ ಹಿರಿಯರ ವಿವೇಕ ಮಕ್ಕಳ ಕೈಯಲ್ಲಿ ಮುಂದುವರಿಯಲಿ.